ಎದುರಾಳಿ ಸೋತರೆ ನಮಗ್ಯಾಕೆ ಇಷ್ಟೊಂದು ಖುಷಿ? ಆರ್‌ಸಿಬಿ, ಸಿಎಸ್‌ಕೆ ಕಡೆಯವರು ಇಬ್ಬರೂ ಬನ್ನಿ

ತಿಂಡ್ಲು_ತಿಮ್ಮ

ಬೈಯೋರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

2024ರ ಮೇ 18. ಚಿನ್ನಸ್ವಾಮಿಯಲ್ಲಿ ನಮ್ಮ ಆರ್‌ಸಿಬಿಗೂ ಚೆನ್ನೈನ ಸಿಎಸ್‌ಕೆಗೂ ಐಪಿಎಲ್ ಮ್ಯಾಚ್. ನಿಮಗೆಲ್ಲ ನೆನಪಿದೆ. ಮೊದಲ ಎಂಟು ಮ್ಯಾಚಲ್ಲಿ ಒಂದೇ ಗೆದ್ದು ನೆಲ ಕಚ್ಚಿದ್ದ ತಂಡ, ಆಮೇಲೆ ಸಾಲಾಗಿ ಗೆದ್ದು ಗೆದ್ದು ಆ ರಾತ್ರಿಗೆ ಬಂದು ನಿಂತಿತ್ತು. ನಾವು 218 ಹೊಡೆದೆವು. ಚೆನ್ನೈ 201 ಮುಟ್ಟಿದರೆ ಸೋತರೂ ರನ್‌ರೇಟ್ ಲೆಕ್ಕದಲ್ಲಿ ಅವರೇ ಪ್ಲೇಆಫ್‌ಗೆ, ಅಂದರೆ ಕೊನೆ ನಾಲ್ಕಕ್ಕೆ. ಕೊನೆ ಓವರಿಗೆ ಅದಕ್ಕೆ 17 ಬೇಕು. ಬೌಲಿಂಗ್ ಯಶ್ ದಯಾಳ್, ಹಿಂದಿನ ವರ್ಷ ರಿಂಕು ಸಿಂಗ್ ಕೈಯಲ್ಲಿ ಕೊನೆ ಓವರಲ್ಲಿ ಐದು ಸಿಕ್ಸ್ ತಿಂದವನು. ಮೊದಲ ಬಾಲಿಗೇ ಧೋನಿ 110 ಮೀಟರ್ ಸಿಕ್ಸ್. ಮುಂದಿನ ಬಾಲಿಗೆ ಔಟ್. ಚೆನ್ನೈ 201 ಮುಟ್ಟಲಿಲ್ಲ. ನಾನು ಪಕ್ಕದಲ್ಲಿದ್ದವರನ್ನು ತಬ್ಬಿಕೊಂಡು ಅತ್ತೆ, ಅವರ ಹೆಸರು ಇವತ್ತಿಗೂ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಇಲ್ಲಿ ಬರೀತಿರಲಿಲ್ಲ. ಮಳೆ ಬಂದು ಆಟ ತಡವಾಗಿತ್ತು, ನಡುರಾತ್ರಿ ಹತ್ತಿರ. ಕಬ್ಬನ್ ಪಾರ್ಕ್ ಮೆಟ್ರೋ ಮೆಟ್ಟಿಲ ಹತ್ತಿರ ಒಬ್ಬರು ಎಂಟೊಂಬತ್ತು ವರ್ಷದ ಹುಡುಗನ ಕೈ ಹಿಡಿದು ನಿಂತಿದ್ದರು. ಹುಡುಗ ಧೋನಿಯ 7 ನಂಬರಿನ, ಚೆನ್ನೈ ತಂಡದ ಹಳದಿ ಜೆರ್ಸಿ ಹಾಕಿದ್ದ. ನಾವು ಇಪ್ಪತ್ತು ಮೂವತ್ತು ಜನ ಸುತ್ತ ಸೇರಿಕೊಂಡೆವು. ಹೊಡೆಯಲಿಲ್ಲ ಬಡಿಯಲಿಲ್ಲ, ಬರೀ ಕೂಗಿದೆವು. ಯಾರೋ ಹಿಂದಿನಿಂದ ಅವನ ಜೆರ್ಸಿ ಹಿಡಿದು ಎಳೆದರು. ನಾನು ಬಗ್ಗಿ ಅವನ ಕಿವಿ ಹತ್ತಿರವೇ ಕೂಗಿದೆ. ಹುಡುಗ ಅಪ್ಪನ ಹೊಟ್ಟೆಗೆ ಮುಖ ಒತ್ತಿಕೊಂಡ. ಅಪ್ಪ ನಗ್ತಾ ಇದ್ದರು. ಜಗಳ ಆಗಬಾರದು ಅಂತ ನಗುವ ನಗು ಇರುತ್ತಲ್ಲ, ಅದು. ಆಮೇಲೆ ಮಗನಿಗೆ ಹೇಳಿದರು, "ಇರ್ಲಿ ಬಿಡು ಪುಟ್ಟಾ, ಮನೆಗೆ ಹೋಗೋಣ." ಅಚ್ಚ ಕನ್ನಡ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅದೇ ವರ್ಷ ಮಾರ್ಚ್ 17ಕ್ಕೆ ನಮ್ಮ ಹೆಣ್ಣುಮಕ್ಕಳ ತಂಡ, ಸ್ಮೃತಿ ಮಂದಾನ ತಂಡ, ಡೆಲ್ಲಿಯನ್ನು ಸೋಲಿಸಿ ಕಪ್ ಎತ್ತಿತ್ತು. ಆವತ್ತು ನಾನು ಸ್ಟೇಟಸ್ ಹಾಕಿ ಮಲಗಿದ್ದೆ. ನಮ್ಮವರು ಕಪ್ ಗೆದ್ದ ದಿನಕ್ಕಿಂತ ಚೆನ್ನೈ ಮನೆಗೆ ಹೋದ ದಿನ ಜಾಸ್ತಿ ಖುಷಿಪಟ್ಟೆ. ಯಾಕೆ? ನಿಮಗೂ ಹೀಗೇನಾ?

ಕೆಂಪು_ಚಿನ್ನ

ಅಯ್ಯೋ ಬಿಡು ಗುರು, ಒಂದು ರಾತ್ರಿ ಕೂಗಿದ್ದಕ್ಕೆ ಇಷ್ಟು ದೊಡ್ಡ ಪುರಾಣ. ಅವರು ಎಷ್ಟು ವರ್ಷ ಉರಿಸಿದ್ದಾರೆ ಗೊತ್ತಾ? 2011 ಫೈನಲ್ ಅವರದೇ ಚೆಪಾಕ್ ಮೈದಾನದಲ್ಲಿ, ಮುರಳಿ ವಿಜಯ್ 95, ನಾವು 58 ರನ್‌ನಿಂದ ಸೋತೆವು. 2012ರಲ್ಲಿ 205 ಹೊಡೆದು ಕೂತಿದ್ದೆವು, ಎರಡು ಓವರಿಗೆ 43 ಬೇಕಿತ್ತು, ಕೊಹ್ಲಿ ಓವರಲ್ಲಿ ಆಲ್ಬಿ ಮಾರ್ಕೆಲ್ 28 ಬಾರಿಸಿದ. 2013ರಲ್ಲಿ ಕೊನೆ ಬಾಲಿಗೆ ಜಡೇಜ ಕ್ಯಾಚ್ ಔಟ್, ನಾವು ಕುಣಿಯೋಕೆ ಶುರು ಮಾಡಿದ ಮೇಲೆ ನೋ ಬಾಲ್ ಅಂದರು. ನನಗೆ ಆಗ ಹದಿನಾಲ್ಕು ವರ್ಷ, ಊಟ ಬಿಟ್ಟಿದ್ದೆ. 2018ರಲ್ಲಿ ನಮ್ಮದೇ ಮೈದಾನದಲ್ಲಿ 205 ಹೊಡೆದೂ ಸೋತೆವು, ಧೋನಿ 34 ಬಾಲಿಗೆ 70.

ಇದರ ಮೇಲೆ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅನ್ನೋ ನಮ್ಮ ಮಾತನ್ನೇ ನಮ್ಮ ಮುಖಕ್ಕೆ ಎಸೀತಿದ್ದರು. ಆಫೀಸಲ್ಲಿ ಎಚ್‌ಆರ್ ಕೂಡ ಬಿಡ್ತಿರಲಿಲ್ಲ. ಹದಿನೇಳು ವರ್ಷ ಸ್ವಾಮಿ. ಅಷ್ಟು ಕಾಲ ಒಳಗೆ ತುಂಬಿಕೊಂಡಿದ್ದು ಒಂದು ರಾತ್ರಿ ಹೊರಗೆ ಬಂತು. ಹುಡುಗನ ವಿಷಯ ತಪ್ಪು, ಒಪ್ತೀನಿ. ಉಳಿದದ್ದಕ್ಕೆ ನಾನಂತೂ ಸಾರಿ ಕೇಳಲ್ಲ.

ಹಳದಿ_ದಾವಣಗೆರೆ

ನಾನು ಸಿಎಸ್‌ಕೆ. ಊರು ದಾವಣಗೆರೆ, ಮನೆ ಮಾತು ಕನ್ನಡ, ತಮಿಳಲ್ಲಿ ಧೋನಿಯನ್ನು ಕರೆಯೋ "ತಲ" ಬಿಟ್ಟರೆ ಇನ್ನೊಂದು ಪದ ಬರಲ್ಲ. ಈಗ ಎಲ್ಲರೂ ಒಂದು ಸಲ "ದ್ರೋಹಿ" ಅಂದುಬಿಡಿ, ಆಮೇಲೆ ಮಾತಾಡೋಣ.

2007ರಲ್ಲಿ ಟಿ20 ವಿಶ್ವಕಪ್ ಬಂದಾಗ ನಾನು ಹೈಸ್ಕೂಲು. ಆ ಉದ್ದ ಕೂದಲಿನ ಮನುಷ್ಯ ಕಪ್ ಎತ್ತಿದ್ದು ನೋಡಿ ಮನಸ್ಸು ಕೊಟ್ಟೆ, ಮರುವರ್ಷ ಅವನು ಚೆನ್ನೈಗೆ ಹೋದ, ನಾನೂ ಹಿಂದೆಯೇ ಹೋದೆ. ಇದರಲ್ಲಿ ಭಾಷೆ ಎಲ್ಲಿ ಬಂತು? ಧೋನಿ ರಾಂಚಿಯವನು. ನಿಮ್ಮ ಕೊಹ್ಲಿ ಡೆಲ್ಲಿಯವನು. ರಾಂಚಿಯವನಿಗೂ ಡೆಲ್ಲಿಯವನಿಗೂ ನಾವು ಇಲ್ಲಿ ಕುತ್ತಿಗೆ ನರ ಉಬ್ಬಿಸಿಕೊಂಡು ಕನ್ನಡ ತಮಿಳು ಅಂತ ಕಿತ್ತಾಡ್ತಾ ಇದ್ದೀವಿ. 2021ರಲ್ಲಿ ಚೆನ್ನೈ ಕಪ್ ಗೆದ್ದಾಗ ಕ್ವಾಲಿಫೈಯರ್‌ನಲ್ಲಿ 63 ಹೊಡೆದವನು ಕೊಡಗಿನ ರಾಬಿನ್ ಉತ್ತಪ್ಪ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನಮ್ಮೂರಿನ ವಿನಯ್ ಕುಮಾರ್ ಆರ್‌ಸಿಬಿಗೆ ಆಡ್ತಿದ್ದ ಕಾಲದಲ್ಲಿ ನನ್ನದು ದೊಡ್ಡ ಪೇಚಾಟ. ಅವರಿಗೆ ವಿಕೆಟ್ ಬೀಳಲಿ, ತಂಡ ಮಾತ್ರ ಸೋಲಲಿ ಅಂತ ಬೇಡಿಕೊಳ್ತಿದ್ದೆ.

ತಿಮ್ಮ ಅವರೇ, ನೀವು ಕೇಳಿದ್ದಕ್ಕೆ ಉತ್ತರ: ಹೌದು, ನಮಗೂ ಹಾಗೇ. ಮೇ 18ರ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಎಲಿಮಿನೇಟರ್‌ನಲ್ಲಿ ರಾಜಸ್ಥಾನ ನಿಮ್ಮನ್ನು ಸೋಲಿಸ್ತಲ್ಲ, ಆವತ್ತು ಎರಡು ಪ್ಲೇಟ್ ಬೆಣ್ಣೆ ದೋಸೆ ತಿಂದೆ. ನಮ್ಮ ತಂಡ ಆಗಲೇ ಮನೆಯಲ್ಲಿ ಕೂತಿತ್ತು. ನಮ್ಮ ಒಂದು ಕಣ್ಣು ಹೋದರೂ ಸರಿ ಪಕ್ಕದ ಮನೆಯವನ ಎರಡೂ ಹೋಗಲಿ ಅಂತಾರಲ್ಲ, ಅದೇ.

ಗಾಂಧಿಬಜಾರ್_ಗೊಜ್ಜು

ಎರಡು ಪ್ಲೇಟ್ 😂 ಕನಿಷ್ಠ ಸತ್ಯ ಹೇಳಿದರು.

ಹಲಸೂರು_ಏರಿ

ಎಲ್ಲರೂ ದೋಸೆ ಹತ್ತಿರ ನಗ್ತಾ ಇದ್ದೀರ. ನಾನು ತಿಮ್ಮ ಅವರ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. "ಅಚ್ಚ ಕನ್ನಡ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು."

ಒಂದು ಪ್ರಶ್ನೆ. ಆ ಅಪ್ಪ ಮಗನಿಗೆ ತಮಿಳಲ್ಲಿ ಸಮಾಧಾನ ಮಾಡಿದ್ದಿದ್ದರೆ? ಆಗ ಕಪಾಳಕ್ಕೆ ಬೀಳ್ತಿರಲಿಲ್ವಾ?

ಜಗಳಕ್ಕೆ ಕೇಳ್ತಿಲ್ಲ. ನಮ್ಮ ಮನೆ ಮಾತು ತಮಿಳು. ಅಜ್ಜನ ಕಾಲದಿಂದ ಹಲಸೂರು. ನಾನು ಓದಿದ್ದು ಕನ್ನಡ ಶಾಲೆ, 2008ರಿಂದ ಆರ್‌ಸಿಬಿ, ಒಂದು ವರ್ಷವೂ ಬದಲಾಯಿಸಿಲ್ಲ. ಆ ನೋ ಬಾಲ್‌ಗೆ ನಾನೂ ಅತ್ತಿದ್ದೀನಿ ಚಿನ್ನ ಅವರೇ. ಆದರೂ ಚೆನ್ನೈ ಮ್ಯಾಚ್ ಬಂದರೆ ಆಫೀಸಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ, "ನಿಜ ಹೇಳು, ಒಳಗೊಳಗೆ ಯಾರ ಕಡೆ?" ತಮಾಷೆಗೆ ಕೇಳೋದು ಗೊತ್ತು. ನಾನೂ ಆ ಅಪ್ಪನ ಹಾಗೆ ನಗ್ತೀನಿ. ಊರಿಗೆ ಹೋದರೆ ಅಲ್ಲಿ ಚಿಕ್ಕಪ್ಪನ ಮಕ್ಕಳು 2025ರವರೆಗೂ ಕೇಳ್ತಿದ್ದದ್ದು, "ನಿನಗೇನು ಬಂತು, ಆ ಕಪ್ ಇಲ್ಲದವರ ಹಿಂದೆ ಹೋಗಿದ್ದೀಯ?"

2016ರ ಸೆಪ್ಟೆಂಬರಲ್ಲಿ ಕಾವೇರಿ ಗಲಾಟೆಗೆ ಇಲ್ಲಿ ತಮಿಳುನಾಡು ನಂಬರಿನ ಬಸ್ಸುಗಳು ಸುಟ್ಟವಲ್ಲ, ಆವತ್ತು ಅಮ್ಮ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಬರೋವಾಗ ಬಸ್ಸಲ್ಲಿ ನನಗೆ ಫೋನ್ ಮಾಡಬೇಡ, ಮಾಡಿದರೆ ಕನ್ನಡದಲ್ಲೇ ಮಾತಾಡು." 2018ರಲ್ಲಿ ಅದೇ ಕಾವೇರಿಗೆ ಚೆನ್ನೈಯಲ್ಲಿ ಪ್ರತಿಭಟನೆ, ಮೈದಾನಕ್ಕೆ ಚಪ್ಪಲಿ ಬಿತ್ತು, ತಂಡ ಪುಣೆಗೆ ಹೋಗಿ ಆಡಿತು. ಜೆರ್ಸಿ ಬರೀ ಜೆರ್ಸಿ ಅಂತ ನೀವು ಆರಾಮಾಗಿ ಹೇಳಬಹುದು. ನಡುರಾತ್ರಿ ಮೂವತ್ತು ಜನ ಸುತ್ತುವರಿದಾಗ ಅವರು ಕೂಗ್ತಿರೋದು ಕ್ರಿಕೆಟ್ ಬಗ್ಗೆಯೋ ಇನ್ನೊಂದರ ಬಗ್ಗೆಯೋ ಅಂತ ಮಧ್ಯದಲ್ಲಿ ನಿಂತವನಿಗೆ ಹೇಗೆ ಗೊತ್ತಾಗಬೇಕು?

ಕೆಂಪು_ಚಿನ್ನ

ಎಲ್ಲದಕ್ಕೂ ಭಾಷೆ ತರಬೇಡಿ ಬ್ರದರ್. ನಾವು ಮುಂಬೈಯವರನ್ನೂ ಬಿಡಲ್ಲ.

ಹಲಸೂರು_ಏರಿ

ನಾನು ತಂದಿಲ್ಲ. ಮೊದಲ ಪೋಸ್ಟಲ್ಲೇ ಇತ್ತು, ನೀವು ಓದಿ ಮುಂದೆ ಹೋದಿರಿ.

ತಿಂಡ್ಲು_ತಿಮ್ಮ

ಅವರು ಹೇಳ್ತಿರೋದು ಸರಿ ಚಿನ್ನ. ಬರೆಯುವಾಗ ನನಗೇ ಹೊಳೆದಿರಲಿಲ್ಲ. ಎರಡು ಸಲ ಎಡಿಟ್ ಮಾಡಿ ಹಾಕಿದ ಸಾಲು ಅದು, ಚೆನ್ನಾಗಿ ಬಂದಿದೆ ಅಂತಲೂ ಅಂದುಕೊಂಡಿದ್ದೆ. ನಿಜ ಹೇಳಬೇಕಂದರೆ ಆ ಕ್ಷಣ ನನಗೆ ಅನಿಸಿದ್ದು "ಛೆ, ನಮ್ಮವರೇ" ಅಂತ. ಅಂದರೆ ಅಲ್ಲಿವರೆಗೆ ನಮ್ಮವರಲ್ಲ ಅಂದುಕೊಂಡೇ ಕೂಗಿದ್ದೆ ಅಂತ ಆಯ್ತು. ತಮಿಳಲ್ಲಿ ಮಾತಾಡಿದ್ದರೆ ಬಹುಶಃ ಈ ಪೋಸ್ಟೇ ಇರ್ತಿರಲಿಲ್ಲ. ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಇರಲಿ, ಆ ಸಾಲು ತೆಗೆಯಲ್ಲ.

ಕೊಡಗಿನ_ಕೋಲು

ಸ್ವಲ್ಪ ಗಾಳಿ ಬರಲಿ ಅಂತ ನಮ್ಮ ಕಡೆಯ ವಿಷಯ ಹೇಳ್ತೀನಿ. ಕೊಡವ ಕುಟುಂಬಗಳ ಹಾಕಿ ಕೇಳಿದ್ದೀರಲ್ಲ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಆಗ 60 ಮನೆತನ, ಈಗ ಮುನ್ನೂರಕ್ಕೂ ಜಾಸ್ತಿ. ಅಲ್ಲಿ ಎದುರಾಳಿ ಅಂದರೆ ಯಾರು? ನನ್ನ ಹೆಂಡತಿಯ ತವರು. ನಮ್ಮ ಮನೆತನಕ್ಕೂ ಅವರಿಗೂ ಒಂದು ವರ್ಷ ಮ್ಯಾಚ್ ಬಿತ್ತು. ಹೆಂಡತಿ ಬೆಳಿಗ್ಗೆಯಿಂದ ನನ್ನ ಜೊತೆ ಮಾತಿಲ್ಲ, ಮೈದಾನದಲ್ಲಿ ಆ ಕಡೆ ಹೋಗಿ ಕೂತಳು. ನಾವು ಸೋತೆವು. ನನ್ನ ಭಾವ ಗೋಲು ಹೊಡೆದು ಸೀದಾ ನನ್ನ ಮುಂದೆ ಬಂದು ಕುಣಿದ. ಅಲ್ಲೇ ಸ್ಟಿಕ್ ತಗೊಂಡು ಬಾರಿಸೋಣ ಅನಿಸ್ತು. ಸಂಜೆ ಅವನ ಮನೆಯಲ್ಲೇ ಪಂದಿ ಕರಿ, ಅವನೇ ಬಡಿಸಿದ. ತಿನ್ನದೇ ಇರೋಕಾಗುತ್ತಾ.

ಎದುರಾಳಿ ಮುಖ ಗೊತ್ತಿದ್ದರೆ ಬೈಗುಳಕ್ಕೂ ಒಂದು ಅಳತೆ ಇರುತ್ತೆ. ನಾಳೆ ಮದುವೆಗೆ ಕರೀಬೇಕಲ್ವಾ. ಮೆಟ್ರೋ ಮೆಟ್ಟಿಲ ಹತ್ತಿರ ಸಿಕ್ಕವನನ್ನು ನೀವು ಯಾವ ಮದುವೆಗೂ ಕರೀಬೇಕಾಗಿಲ್ಲ, ಅದಕ್ಕೇ ಬಾಯಿ ಅಷ್ಟು ದೊಡ್ಡದಾಗುತ್ತೆ.

ಕಂಠೀರವ_ನೀಲಿ

ಕ್ರಿಕೆಟ್‌ನವರು ಗ್ಯಾಲರಿ ಅಂದರೆ ಏನು ಅಂತ ಫುಟ್‌ಬಾಲ್‌ನವರಿಂದ ಕಲೀಬೇಕು ಅಂತ ಬರೆಯೋಕೆ ಬಂದೆ. ಅರ್ಧ ಬರೆದ ಮೇಲೆ ನಮ್ಮದೂ ನೆನಪಾಯ್ತು.

ನಮ್ಮ ಬಿಎಫ್‌ಸಿ, ಅಂದರೆ ಬೆಂಗಳೂರು ಎಫ್‌ಸಿ, ಮತ್ತು ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್ 3, ಕಂಠೀರವದಲ್ಲಿ ನಾಕೌಟ್. ಹೆಚ್ಚುವರಿ ಸಮಯದಲ್ಲಿ ನಮ್ಮ ಸುನಿಲ್ ಛೆಟ್ರಿ, ಬ್ಲಾಸ್ಟರ್ಸ್ ಆಟಗಾರರ ಗೋಡೆ ನಿಲ್ಲೋ ಮೊದಲೇ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ರೆಫರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇಡೀ ತಂಡವನ್ನು ಕರ್ಕೊಂಡು ಮೈದಾನದಿಂದ ಹೊರಟೇ ಹೋದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಮಜಾ ಏನಂದರೆ ಅಲ್ಲಿವರೆಗೆ ಕೇರಳದವರಿಗೂ ಛೆಟ್ರಿ ಅಂದರೆ ಭಾರತದ ನಾಯಕ, ನಮ್ಮ ಹೆಮ್ಮೆ. ಆ ಒಂದು ಗೋಲ್ ಆದಮೇಲೆ ನನ್ನ ಕಣ್ಣೂರಿನ ರೂಮ್‌ಮೇಟ್ ಒಂದು ತಿಂಗಳು ಆ ಹೆಸರು ಬಾಯಲ್ಲಿ ಹೇಳಲಿಲ್ಲ, "ಆ ಮನುಷ್ಯ" ಅಂತಿದ್ದ. ಭಾರತ ಆಡುವಾಗಲೂ.

ನಾನು ನಿಲ್ಲೋ ಸಾಲಿನಲ್ಲಿ ಹಿರಿಯರು ಒಬ್ಬರಿದ್ದಾರೆ. ಹಾಡು ಕಟ್ಟಿ ಕಾಲೆಳೀರಿ, ಆಟಗಾರನ ಆಟ ಆಡಿಕೊಳ್ಳಿ, ಮನೆಯವರ ಸುದ್ದಿಗೆ ಹೋದರೆ ನಾನೇ ಎತ್ತಿ ಆಚೆ ಹಾಕ್ತೀನಿ ಅಂತಾರೆ. ಹಾಕೂ ಹಾಕಿದ್ದಾರೆ ಒಂದು ಸಲ. ಚಿನ್ನಸ್ವಾಮಿಯಲ್ಲಿ ಅಂಥವರು ಇಲ್ಲ, ಪ್ರತಿ ಮ್ಯಾಚಿಗೂ ಪಕ್ಕದ ಸೀಟಲ್ಲಿ ಹೊಸಬರು.

ಸ್ಕೋರ್‌ಬುಕ್_ಮಾಮ

ಮಕ್ಕಳೇ, ನಾನು ಚಿನ್ನಸ್ವಾಮಿಗೆ ಹೋಗ್ತಿರೋದು ಪ್ರಸನ್ನ, ಚಂದ್ರಶೇಖರ್ ಕಾಲದಿಂದ. ನಾನೇನೂ ಸಾಧು ಅಲ್ಲ. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಪಾಕಿಸ್ತಾನದ ಆಮಿರ್ ಸೊಹೈಲ್ ಫೋರ್ ಹೊಡೆದು ಬ್ಯಾಟ್ ತೋರಿಸಿ, ಮರುಬಾಲಿಗೆ ವೆಂಕಟೇಶ್ ಪ್ರಸಾದ್ ಸ್ಟಂಪ್ ಹಾರಿಸಿದಾಗ ನಾನು ಕೂಗಿದ ಕೂಗಿಗೆ ಎರಡು ದಿನ ಗಂಟಲು ಬರಲಿಲ್ಲ. ಬ್ಯಾಂಕಲ್ಲಿ ಸನ್ನೆಯಲ್ಲೇ ಕೆಲಸ ಮಾಡಿದೆ.

ಆದರೆ 1999ರ ಜನವರಿಯಲ್ಲಿ ಚೆಪಾಕ್ ಟೆಸ್ಟ್ ಟಿವಿಯಲ್ಲಿ ನೋಡಿದೆ. ಸಚಿನ್ ಬೆನ್ನುನೋವಿನಲ್ಲಿ 136, ಆಮೇಲೆ ಬಾಲ ಕುಸಿದು 12 ರನ್‌ನಿಂದ ಸೋತೆವು. ನಾನು ಟಿವಿ ಆರಿಸೋಕೆ ಎದ್ದೆ. ಅಷ್ಟರಲ್ಲಿ ಆ ಜನ ಎದ್ದು ನಿಂತು ಪಾಕಿಸ್ತಾನದವರಿಗೆ ಚಪ್ಪಾಳೆ ಹೊಡೆಯೋಕೆ ಶುರು ಮಾಡಿದರು. ಅವರು ಮೈದಾನ ಸುತ್ತು ಬಂದರು. ಮತ್ತೆ ಕೂತುಬಿಟ್ಟೆ. ಆ ಚಪ್ಪಾಳೆ ಹೊಡೆದವರು ಚೆನ್ನೈಯವರು ಸ್ವಾಮಿ, ನೀವು ದಿನಾ ಬೈಯ್ತೀರಲ್ಲ ಅವರೇ.

ನಮ್ಮವರದ್ದೂ ಹೇಳ್ತೀನಿ. 2015ರ ನವೆಂಬರ್, ದಕ್ಷಿಣ ಆಫ್ರಿಕಾ ಟೆಸ್ಟ್. ಡಿವಿಲಿಯರ್ಸ್‌ಗೆ 100ನೇ ಟೆಸ್ಟ್. ಅವನು ಬ್ಯಾಟಿಂಗ್‌ಗೆ ಇಳಿದಾಗ ಇಡೀ ಚಿನ್ನಸ್ವಾಮಿ "ಎಬಿಡಿ, ಎಬಿಡಿ" ಅಂತ. ಬೌಲಿಂಗ್ ಮಾಡ್ತಿರೋದು ಭಾರತ! ನನ್ನ ಪಕ್ಕ ಮೈಸೂರಿಂದ ಬಂದ ಒಬ್ಬರು "ಇದೇನ್ರೀ ಅನ್ಯಾಯ, ನಾವು ಯಾವ ದೇಶದಲ್ಲಿದ್ದೀವಿ" ಅಂದರು. 85 ಹೊಡೆದ. ಆಮೇಲೆ ನಾಲ್ಕು ದಿನವೂ ಮಳೆ, ನನ್ನ ದುಡ್ಡಿಗೆ ಅದೊಂದು ದಿನವೇ ಸಿಕ್ಕಿದ್ದು. ಬೇಜಾರಿಲ್ಲ.

ಎದುರಾಳಿಯ ಮೇಲೆ ಕೋಪ ಬರೋದು ರಕ್ತದಲ್ಲೇ ಇದೆ ಅಂತ ಯಾರಾದರೂ ಅಂದರೆ ನಾನು ಈ ಒಂದು ದಿನ ತೋರಿಸ್ತೀನಿ. ಐಪಿಎಲ್‌ನಲ್ಲಿ ಆರ್‌ಸಿಬಿಯ ಕೆಂಪು ಅಂಗಿ ಹಾಕಿದ್ದ ಅನ್ನೋ ಒಂದೇ ಕಾರಣಕ್ಕೆ ನಲವತ್ತು ಸಾವಿರ ಜನ ದೇಶವನ್ನೇ ಮರೆತುಬಿಟ್ಟರು.

ಕೆಂಪು_ಚಿನ್ನ

ಮಾಮ, ಅದರ ಉಲ್ಟಾ ನನಗಾಗಿದೆ. 2025ರ ಏಪ್ರಿಲ್ 10, ಕೆ.ಎಲ್. ರಾಹುಲ್ ಡೆಲ್ಲಿಗೆ ಆಡಿ ನಮ್ಮ ವಿರುದ್ಧವೇ ಔಟಾಗದೆ 93 ಹೊಡೆದು, ಬ್ಯಾಟ್‌ನಲ್ಲಿ ನೆಲಕ್ಕೆ ಗೆರೆ ಎಳೆದು "ಇದು ನನ್ನ ಜಾಗ" ಅಂತ ತೋರಿಸಿದರಲ್ಲ, ನಾನು ಅಲ್ಲೇ ಇದ್ದೆ. ಬೈಯೋಕೆ ಬಾಯಿ ತೆಗೆದೆ, ಬರಲಿಲ್ಲ. ನಮ್ಮ ಹುಡುಗ, ನಮ್ಮ ಮೈದಾನ, ಸೋತಿದ್ದೂ ನಾವೇ. ನಗಬೇಕೋ ಅಳಬೇಕೋ ಗೊತ್ತಾಗದೆ ಕಡಲೆಕಾಯಿ ತಿಂದೆ.

ಮಂಡ್ಯ_ಬೆಲ್ಲ

ಇಷ್ಟು ಹೊತ್ತು ಗಂಡಸರೇ ಮಾತಾಡ್ತಿದ್ದೀರ, ನಾನೂ ಒಂದು ಹೇಳ್ತೀನಿ. ಕೂಗೋದು, ಉರಿಸೋದು, ಬೂ ಅನ್ನೋದು, ಇವೆಲ್ಲ ಸರಿ, ಆಟದ ಉಪ್ಪುಖಾರ ಅಂತ ಇಟ್ಕೊಳ್ಳಿ. 2020ರಲ್ಲಿ ಚೆನ್ನೈ ಒಂದು ಮ್ಯಾಚ್ ಸೋತಿದ್ದಕ್ಕೆ ಧೋನಿ ಮಗಳಿಗೆ, ಐದು ವರ್ಷದ ಕೂಸಿಗೆ, ಅತ್ಯಾಚಾರದ ಬೆದರಿಕೆ ಹಾಕಿದ್ದು ಒಬ್ಬ ಹದಿಹರೆಯದ ಹುಡುಗ. ಮರುವರ್ಷ ಪಾಕಿಸ್ತಾನದ ಎದುರು ಸೋತ ಮೇಲೆ ಕೊಹ್ಲಿ ಮಗಳಿಗೂ ಅದೇ. ಆ ಕೂಸಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇಬ್ಬರನ್ನೂ ಪೊಲೀಸರು ಹಿಡಿದರು. ಹಳದಿ ಕೆಂಪು ಅಂತ ಕಿತ್ತಾಡ್ತೀರಲ್ಲ, ಇಬ್ಬರ ಮನೆಗೂ ಬಂದಿದ್ದು ಒಂದೇ ಕೊಳಕು.

ನಾನು ಮಗಳನ್ನು ಒಂದು ಸಲ ಸ್ಟೇಡಿಯಂಗೆ ಕರ್ಕೊಂಡು ಹೋಗಿದ್ದೆ. ಹಿಂದಿನ ಸಾಲಿನವರು ಎದುರಾಳಿ ಬೌಲರಿನ ಅಮ್ಮ ಅಕ್ಕ ಯಾರನ್ನೂ ಬಿಡಲಿಲ್ಲ. ಮಗಳು ಅರ್ಥ ಕೇಳಿದಳು. ಎರಡನೇ ಇನ್ನಿಂಗ್ಸ್ ಮನೆಗೆ ಬಂದು ನೋಡಿದೆವು.

ಇನ್ನೊಂದು. ಎಲ್ಲರೂ ಕೊಹ್ಲಿ ದೇವರು ಅಂತೀರ. ಆ ದೇವರು ಏನು ಮಾಡ್ತಾನೆ ಸ್ವಲ್ಪ ನೋಡಿ. 2019ರಲ್ಲಿ ಓವಲ್‌ನಲ್ಲಿ ನಮ್ಮವರು ಸ್ಟೀವ್ ಸ್ಮಿತ್‌ಗೆ ಬೂ ಅಂದಾಗ ತಿರುಗಿ ಚಪ್ಪಾಳೆ ಹೊಡೀರಿ ಅಂತ ಸನ್ನೆ ಮಾಡಿದ. 2023ರಲ್ಲಿ ಡೆಲ್ಲಿಯಲ್ಲಿ ಅಫ್ಘಾನಿಸ್ತಾನದ ನವೀನ್ ಉಲ್ ಹಕ್‌ನನ್ನು ಜನ ಗೋಳು ಹೊಯ್ಕೊಳ್ತಿದ್ದಾಗ ನಿಲ್ಲಿಸಿ ಅಂದ. ಆ ನವೀನ್ ಜೊತೆ ಐಪಿಎಲ್‌ನಲ್ಲಿ ಜಗಳ ಆಡಿದ್ದವನು ಕೊಹ್ಲಿಯೇ! 2024ರಲ್ಲಿ ವಾಂಖೆಡೆಯಲ್ಲಿ ಮುಂಬೈಯವರೇ ತಮ್ಮ ಹಾರ್ದಿಕ್‌ಗೆ ಬೂ ಅಂದಾಗಲೂ ಹಾಗೇ ಮಾಡಿದ. ಅದೇ ಹಾರ್ದಿಕ್ ಜೂನ್‌ನಲ್ಲಿ ವಿಶ್ವಕಪ್ ಫೈನಲ್ಲಿನ ಕೊನೆ ಓವರ್ ಹಾಕಿದ, ಜುಲೈಯಲ್ಲಿ ಅದೇ ವಾಂಖೆಡೆ ಅವನ ಹೆಸರು ಕೂಗಿತು. ಗೆದ್ದೆತ್ತಿನ ಬಾಲ ಹಿಡಿಯೋರು.

ಹಳದಿ_ದಾವಣಗೆರೆ

ಮೇಡಂ, ಮೇ 18ರ ರಾತ್ರಿ ಧೋನಿ ಕೈ ಕುಲುಕದೆ ಹೋದರು ಅಂತ ನಮ್ಮನ್ನು ವಾರಗಟ್ಟಲೆ ಆಡಿಕೊಂಡರಲ್ಲ, ಅದಕ್ಕೂ ಯಾರಾದರೂ ನಿಲ್ಲಿಸಿ ಅಂದಿದ್ದರೆ ಚೆನ್ನಾಗಿತ್ತು. ನಮ್ಮವರು ಅದಕ್ಕೆ ಆರ್‌ಸಿಬಿಯವರ ಸಂಭ್ರಮ ಮುಗಿಯಲೇ ಇಲ್ಲ ಅಂದರು. ನಾನೂ ಅದನ್ನೇ ಎಲ್ಲ ಕಡೆ ಅಂಟಿಸಿದೆ. ಈಗ ನಗು ಬರುತ್ತೆ.

ತಿಂಡ್ಲು_ತಿಮ್ಮ

ಮೊದಲ ಪೋಸ್ಟಲ್ಲಿ ಒಂದು ವಿಷಯ ಬಿಟ್ಟಿದ್ದೆ.

ನಮ್ಮ ಆಫೀಸಲ್ಲಿ ಸೇಲಂ ಕಡೆಯ ಒಬ್ಬ ಇದ್ದಾನೆ. ಕಡು ಹಳದಿ. ಏಳು ವರ್ಷದಿಂದ ನಮ್ಮಿಬ್ಬರದ್ದೂ ಬರೀ ಇದೇ ಕೆಲಸ, ಅವನು ಉರಿಸೋದು, ನಾನು ಉರ್ಕೊಳ್ಳೋದು. 2025ರ ಮಾರ್ಚ್ 28ಕ್ಕೆ ನಾವು ಚೆಪಾಕ್‌ನಲ್ಲಿ ಗೆದ್ದೆವಲ್ಲ, 2008ರ ನಂತರ ಮೊದಲ ಸಲ, ಆವತ್ತು ರಾತ್ರಿ ಅವನಿಗೆ ಹದಿನೇಳು ಮೆಸೇಜ್ ಕಳಿಸಿದೆ, ವರ್ಷಕ್ಕೊಂದು. ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ರನ್‌ನಿಂದ ಕಪ್ ಬಂತು. ನನಗೆ ಬಂದ ಮೊದಲ ಮೆಸೇಜ್ ಅವನದು. "ಕೊನೆಗೂ ಮಗಾ. ಇನ್ನು ನಾನು ಏನಂತ ಆಡಿಕೊಳ್ಳಲಿ, ನನ್ನ ಕೆಲಸ ಹೋಯ್ತು" ಅಂತ, ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ.

ಮಾರನೇ ದಿನ ಜೂನ್ 4. ನಾನು ಮೆರವಣಿಗೆ ನೋಡೋಕೆ ಹೋಗಿದ್ದೆ. ಗೇಟ್‌ವರೆಗೂ ಹೋಗೋಕಾಗಲಿಲ್ಲ, ಜನ ನೋಡಿ ಭಯ ಆಗಿ ಕಬ್ಬನ್ ಪಾರ್ಕ್ ಕಡೆ ತಿರುಗಿದೆ. ನೆಟ್‌ವರ್ಕ್ ಇರಲಿಲ್ಲ. ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಕೊಂಡರು ಅಂತ ಆಮೇಲೆ ಗೊತ್ತಾಯ್ತು. ಸಂಜೆ ಫೋನ್ ಸಿಗ್ನಲ್ ಬಂದಾಗ ಮಿಸ್ಡ್ ಕಾಲ್ 23 ಇದ್ದವು. ಅದರಲ್ಲಿ 14 ಅವನದು. ವಾಪಸ್ ಮಾಡಿದೆ, ಎತ್ತಿದ ಕೂಡಲೇ ಬೈದ. ತಮಿಳಲ್ಲಿ ಬೈದ, ನನಗೆ ಒಂದೂ ಅರ್ಥ ಆಗಲಿಲ್ಲ.

ಹಲಸೂರು_ಏರಿ

ಯಾವ ಪದ ಅಂತ ನೆನಪಿದ್ದರೆ ಖಾಸಗಿಯಾಗಿ ಕಳಿಸಿ, ಅರ್ಥ ಹೇಳ್ತೀನಿ. ಇಲ್ಲಿ ಬೇಡ, ಮೇಡಂ ಮಗಳು ಓದಬಹುದು.

ಮತ್ತೆ, ಆ ಸಾಲು ತೆಗೆಯದೇ ಇದ್ದಿದ್ದಕ್ಕೆ ಥ್ಯಾಂಕ್ಸ್.

ಕೆಂಪು_ಚಿನ್ನ

ಜೂನ್ 4ರ ರಾತ್ರಿ ನನ್ನ ಫೋನಿನಲ್ಲಿ ಮೀಮ್ ಹಾಕಿದವರನ್ನೆಲ್ಲ ತೆಗೆದುಹಾಕಿದೆ. ನಾಲ್ಕು ಜನ. ಇಬ್ಬರು ಹಳದಿ, ಒಬ್ಬ ಮುಂಬೈ. ಇನ್ನೊಬ್ಬ ನಮ್ಮವನೇ, ಇಷ್ಟು ಜನ ಬಂದರು ನೋಡಿ ನಮ್ಮ ತಾಕತ್ತು ಅಂತ ಹಾಕಿದ್ದ.

ದಾವಣಗೆರೆ ಅಣ್ಣ, ಮುಂದಿನ ಸೀಸನ್ ಚಿನ್ನಸ್ವಾಮಿಯಲ್ಲಿ ಚೆನ್ನೈ ಮ್ಯಾಚ್ ಆಗಿ, ಟಿಕೆಟ್ ಅನ್ನೋದು ಮನುಷ್ಯರಿಗೆ ಸಿಕ್ಕರೆ, ಬನ್ನಿ. ಹಳದಿ ಹಾಕ್ಕೊಂಡೇ ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ, ಯಾರೂ ಮುಟ್ಟಲ್ಲ. ಆದರೆ ಕಾಲು ಎಳೆಯೋದು ಮಾತ್ರ ನಾನು ಬಿಡಲ್ಲ.

ಹಳದಿ_ದಾವಣಗೆರೆ

ಕಾಲು ಎಳೀರಿ, ಜೆರ್ಸಿ ಎಳೀಬೇಡಿ. ಬಸ್ಸಲ್ಲಿ ಬರ್ತಾ 2025ರವರೆಗಿನ ಲೆಕ್ಕದಲ್ಲಿ ಐದರಲ್ಲಿ ಒಂದು ಕಳೆದರೆ ಎಷ್ಟು ಅಂತ ಲೆಕ್ಕ ಮಾಡ್ಕೊಂಡು ಬರ್ತೀನಿ, ನಿಮ್ಮ ಕಪ್ ನಮ್ಮ ಕಪ್ ಎಣಿಸೋಕೆ.

ಕೆಂಪು_ಚಿನ್ನ

ನೋಡಿದ್ರಾ, ಶುರು ಹಚ್ಕೊಂಡ್ರು.

ಮಂಡ್ಯ_ಬೆಲ್ಲ

ಒಂದಲ್ಲ ಸ್ವಾಮಿ, ಎರಡು. ಹೆಣ್ಣುಮಕ್ಕಳದ್ದು ಮತ್ತೆ ಮರೆತ್ರಾ?